‘ತಾವು ಯಾರು?’ ಎಂದು ಕೇಳುವ ರಂಗ

ದೊಡ್ಡಾಟದಲ್ಲಿ ಯಾವ ಪಾತ್ರವೂ ಬಂದ ಕೂಡಲೇ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವುದಿಲ್ಲ. ರಾಜನಿರಲಿ, ರಕ್ಕಸನಿರಲಿ, ಪರದೆ ಸರಿಸಿ ಕುಣಿದು ನಿಂತ ಮೇಲೆ ಸಾರಥಿ ಎದುರಿಗೆ ಬರುತ್ತಾನೆ. ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಪಾತ್ರಧಾರಿ ತಡವರಿಸಿದರೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾನೆ. ಹಾಡಿನ ಸಾಲು ಮರೆತರೆ ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ಓದು ಬರಹ ಬಾರದ ಒಕ್ಕಲಿಗನೂ ರಾತ್ರಿಯಿಡೀ ಅರ್ಜುನನಾಗಿ ನಿಲ್ಲಬಹುದಾದದ್ದು ಈ ಏರ್ಪಾಟಿನಿಂದಲೇ. ಮಾತು ಒಬ್ಬನದು, ಅದನ್ನು ಹೊರತರುವ ಹೊಣೆ ಮೇಳದ್ದು.

ಚಿಕ್ಕೇರೂರು, ಹಂಸಭಾವಿ, ಹಿರೇಕೆರೂರಿನ ಸುತ್ತಣ ಸೀಮೆಯವರಿಗೆ ಇದು ಹೊಸ ಸಂಗತಿಯೇನಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗದಲ್ಲಿ ಬಯಲಾಟವೂ ಕಂಪನಿ ನಾಟಕದ ಮಾದರಿಯೂ ಹಳ್ಳಿಯ ಬದುಕಿನೊಳಗೆ ಬೆರೆತಿವೆ. ಸುಗ್ಗಿ ಮುಗಿದು ಜಾತ್ರೆ ಹತ್ತಿರ ಬಂತೆಂದರೆ ಪೇಟಿ ಮಾಸ್ತರರ ಮುಂದೆ ತಾಲೀಮು ಕೂಡುತ್ತದೆ. ಯಾರಿಗೆ ಯಾವ ಪಾರ್ಟು ಎಂಬುದು ಊರಿನ ದೊಡ್ಡ ಚರ್ಚೆಯಾಗುತ್ತದೆ. ಆದರೆ ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಹೆಸರೇ ಬಾರದ ಕೆಲವರು ಪ್ರತಿ ಊರಲ್ಲೂ ಇದ್ದಾರೆ. ತಾಲೀಮಿಗೆ ದಿನವೂ ಬಂದು ಮೂಲೆಯಲ್ಲಿ ಕೂತು ಎಲ್ಲರ ಮಾತನ್ನೂ ಕೇಳುವವರು, ಚಹಾ ತಂದುಕೊಡುವವರು, ಪರದೆ ಎಳೆಯುವವರು. ವಯಸ್ಸು ಮೂವತ್ತೋ ನಲವತ್ತೋ ಆಗಿದ್ದರೂ ಊರು ಇನ್ನೂ ಅವರನ್ನು ‘ಅದು ಸಣ್ಣ ಹುಡುಗ ಇದ್ದಂಗ’ ಎನ್ನುತ್ತದೆ. ಶಾಸ್ತ್ರೀಯ ಭಾಷೆಯಲ್ಲಿ ಇವರನ್ನು ಮೊದಲು ಬುದ್ಧಿಮಾಂದ್ಯರೆಂದೂ ಈಗ ಬೌದ್ಧಿಕ ವಿಕಲತೆ ಉಳ್ಳವರೆಂದೂ ಕರೆಯುತ್ತಾರೆ. ಇಂಥ ವಯಸ್ಕರು ತಮ್ಮ ಮನಸ್ಸಿನ ಮಾತನ್ನು ತಾವೇ ಆಡಲು ರಂಗಭೂಮಿ ನೆರವಾಗಬಲ್ಲುದೆ? ಜಗತ್ತಿನ ಹಲವೆಡೆ ಕಳೆದ ನಾಲ್ಕೈದು ದಶಕಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆ ಕುತೂಹಲಕಾರಿಯಾಗಿದೆ.

ನಗೆಗೆ ಸಿಕ್ಕ ಪಾರ್ಟು

ರಂಗಭೂಮಿ ಇಂಥವರನ್ನು ಹಿಂದೆ ಕಂಡೇ ಇರಲಿಲ್ಲ ಎನ್ನುವಂತಿಲ್ಲ. ಕಂಡಿತ್ತು, ಆದರೆ ನಗುವುದಕ್ಕಾಗಿ. ತೊದಲುವವನು, ಹೇಳಿದ್ದೊಂದು ಮಾಡುವುದೊಂದು ಎನ್ನುವ ಆಳು, ಪೆದ್ದ ಅಳಿಯ ಇವರೆಲ್ಲ ನಮ್ಮ ಹಾಸ್ಯದ ಹಳೆಯ ಸರಕು. ಯುರೋಪಿನ ಅರಮನೆಗಳಲ್ಲೂ ವಿದೂಷಕರ ಜೊತೆಗೆ ನಿಜವಾಗಿಯೇ ಬುದ್ಧಿ ಮಂದವಾಗಿದ್ದವರನ್ನು ವಿನೋದಕ್ಕಾಗಿ ಇಟ್ಟುಕೊಳ್ಳುವ ರೂಢಿಯಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪೆದ್ದನ ಪಾರ್ಟನ್ನು ಮಾಡುತ್ತಿದ್ದವನು ಮೇಳದ ಅತ್ಯಂತ ಚುರುಕಿನ ನಟ. ಯಾರನ್ನು ಕುರಿತು ಜನ ನಗುತ್ತಿದ್ದರೋ ಆತ ಪ್ರೇಕ್ಷಕರ ನಡುವೆ ಸುಮ್ಮನೆ ಕೂತಿರುತ್ತಿದ್ದ, ಇಲ್ಲವೆ ತನಗೂ ನಗು ಬಂದಂತೆ ನಗುತ್ತಿದ್ದ.

ಕಾನೂನೂ ಇದಕ್ಕಿಂತ ಉದಾರವಾಗಿರಲಿಲ್ಲ. 1912ರ ಭಾರತೀಯ ಹುಚ್ಚರ ಕಾಯಿದೆ ಮಂದಬುದ್ಧಿಯವರನ್ನೂ ಚಿತ್ತಸ್ವಾಸ್ಥ್ಯ ತಪ್ಪಿದವರನ್ನೂ ಒಂದೇ ಪದದೊಳಗೆ ತುಂಬಿತ್ತು. ಒಂದು ರೋಗ, ಬಂದು ಹೋಗಬಹುದಾದದ್ದು. ಇನ್ನೊಂದು ಹುಟ್ಟಿನಿಂದಲೋ ಎಳವೆಯಿಂದಲೋ ಬಂದ ಬೆಳವಣಿಗೆಯ ರೀತಿ. ಈ ವ್ಯತ್ಯಾಸ ನಮ್ಮ ಕಾನೂನಿನಲ್ಲಿ ಸ್ಪಷ್ಟವಾಗಲು 1987ರ ಮಾನಸಿಕ ಆರೋಗ್ಯ ಕಾಯಿದೆಯವರೆಗೆ ಕಾಯಬೇಕಾಯಿತು. ಅದು ಬುದ್ಧಿಮಾಂದ್ಯವನ್ನು ಮಾನಸಿಕ ರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. 1995ರ ಅಂಗವಿಕಲರ ಕಾಯಿದೆ ಅದನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂತು. 2016ರ ಕಾಯಿದೆ ವೈಕಲ್ಯಗಳ ಸಂಖ್ಯೆಯನ್ನು 21ಕ್ಕೆ ಏರಿಸಿ, ‘ಬೌದ್ಧಿಕ ವಿಕಲತೆ’ ಎಂಬ ಹೊಸ ಹೆಸರನ್ನು ಬಳಕೆಗೆ ತಂದಿತು.

ಇವರೆಷ್ಟು ಜನ? 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಅಂಗವಿಕಲರ ಪೈಕಿ 15 ಲಕ್ಷಕ್ಕೂ ಹೆಚ್ಚು ಜನರನ್ನು ಬುದ್ಧಿಮಾಂದ್ಯರೆಂದು ದಾಖಲಿಸಲಾಗಿತ್ತು. ಕರ್ನಾಟಕದಲ್ಲಿ ಆ ಸಂಖ್ಯೆ 93,974. ಮನೆಯವರು ಹೇಳಲು ಹಿಂಜರಿದ ಪ್ರಸಂಗಗಳು ಈ ಲೆಕ್ಕದ ಹೊರಗೆ ಉಳಿದಿರುತ್ತವೆ.

ಆಸ್ಪತ್ರೆಯ ಅಂಗಳದಲ್ಲಿ

ನಾಟಕವನ್ನು ಮನಸ್ಸಿನ ಕೆಲಸಕ್ಕೆ ಬಳಸಬಹುದೆಂದು ಆಧುನಿಕ ಕಾಲದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ವಿಯೆನ್ನಾದ ವೈದ್ಯ ಜೇಕಬ್ ಮೊರೆನೊ ಒಬ್ಬ. 1920ರ ದಶಕದ ಆರಂಭದಲ್ಲಿ ಆತ ಬರೆದಿಟ್ಟ ಮಾತುಗಳಿಲ್ಲದ, ಆ ಕ್ಷಣಕ್ಕೆ ಹುಟ್ಟುವ ನಾಟಕಗಳ ಪ್ರಯೋಗ ನಡೆಸಿದ. ಮುಂದೆ ಅಮೆರಿಕಕ್ಕೆ ಹೋಗಿ ‘ಸೈಕೋಡ್ರಾಮಾ’ ಎಂಬ ಚಿಕಿತ್ಸಾ ವಿಧಾನವನ್ನು ಬೆಳೆಸಿದ. ಆದರೆ ಅದು ಮುಖ್ಯವಾಗಿ ಮಾತು ಬಲ್ಲವರ ಚಿಕಿತ್ಸೆಯಾಗಿತ್ತು.

ಮಾತು ಕಡಿಮೆಯಿದ್ದವರ ಬಳಿಗೆ ನಾಟಕವನ್ನು ಒಯ್ದವರಲ್ಲಿ ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಹೆಸರು ದೊಡ್ಡದು. 1926ರಲ್ಲಿ ಹುಟ್ಟಿದ ಈಕೆ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಯಾರ್ಕ್‌ಶೈರಿನ ಗಿರಣಿಯಲ್ಲಿ ನೇಯ್ಗೆಯ ಕೆಲಸಕ್ಕೆ ಸೇರಿದವಳು. ಯಾವ ಪದವಿಯೂ ಇಲ್ಲದೆ 1950ರ ದಶಕದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕಿಯಾದಳು. ಬುದ್ಧಿಮಾಂದ್ಯರನ್ನು ಇರಿಸುತ್ತಿದ್ದ ಆಸ್ಪತ್ರೆಗಳಲ್ಲಿ ಆಕೆ ಮಾಡಿದ ಕೆಲಸದ ಗುಟ್ಟು ಸರಳವಾದದ್ದು. ಕಲಿಸುವವರು ಹೊರಗೆ ನಿಂತು ‘ಹೀಗೆ ಮಾಡಿ’ ಎನ್ನುವುದಿಲ್ಲ. ತಾವೇ ಒಂದು ಪಾತ್ರವಾಗಿ ಒಳಗೆ ಬರುತ್ತಾರೆ. ಅದೂ ಸಹಾಯ ಬೇಕಾದ ಪಾತ್ರವಾಗಿ. ದಾರಿ ತಪ್ಪಿದವನೊಬ್ಬ ಬಂದಿದ್ದಾನೆ, ಹಸಿದಿದ್ದಾನೆ, ಏನು ಮಾಡಬೇಕೆಂದು ಅವನಿಗೆ ತಿಳಿಯದು. ಈಗ ತೀರ್ಮಾನಿಸಬೇಕಾದವರು ಆಸ್ಪತ್ರೆಯ ನಿವಾಸಿಗಳು. ಬದುಕಿನುದ್ದಕ್ಕೂ ಇತರರಿಂದ ಸಹಾಯ ಪಡೆಯುತ್ತ ಬಂದವರಿಗೆ, ತಾವು ಇನ್ನೊಬ್ಬರಿಗೆ ದಾರಿ ತೋರುವ ಅವಕಾಶ ನಾಟಕದಲ್ಲಿ ಮೊದಲ ಸಲ ದೊರೆಯಿತು. ಹೀತ್‌ಕೋಟ್ ನಮ್ಮ ಸಾರಥಿಯನ್ನು ಕಂಡವಳಲ್ಲ. ಆದರೂ ಗೊತ್ತಿಲ್ಲದವನಂತೆ ನಿಂತು ಪ್ರಶ್ನೆ ಕೇಳುವ ಆತನ ಕೆಲಸಕ್ಕೂ ಈಕೆಯ ವಿಧಾನಕ್ಕೂ ಹತ್ತಿರದ ನೆಂಟಸ್ತಿಕೆಯಿದೆ.

ಇನ್ನೊಂದು ದಾರಿ ದಕ್ಷಿಣ ಅಮೆರಿಕದಿಂದ ಬಂತು. ಬ್ರೆಜಿಲಿನ ಆಗಸ್ಟೊ ಬೋಆಲ್ 1971ರಲ್ಲಿ ಸೇನಾಡಳಿತದಿಂದ ಬಂಧನ, ಚಿತ್ರಹಿಂಸೆಗಳಿಗೆ ಒಳಗಾಗಿ ದೇಶ ಬಿಟ್ಟವನು. 1973ರಲ್ಲಿ ಪೆರುವಿನ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡುತ್ತ ಆತ ‘ದಮನಿತರ ರಂಗಭೂಮಿ’ಯ ವಿಚಾರವನ್ನು ರೂಪಿಸಿದ. ಅದರ ಒಂದು ಬಗೆಯಲ್ಲಿ ನಾಟಕವನ್ನು ಪ್ರೇಕ್ಷಕ ನಡುವೆ ನಿಲ್ಲಿಸಬಹುದು. ಅನ್ಯಾಯಕ್ಕೆ ಒಳಗಾದ ಪಾತ್ರದ ಜಾಗದಲ್ಲಿ ತಾನೇ ನಿಂತು ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂದು ಆಡಿ ತೋರಿಸಬಹುದು. ನಮ್ಮ ದೇಶದಲ್ಲಿ 1985ರಲ್ಲಿ ಪಶ್ಚಿಮ ಬಂಗಾಳದಲ್ಲಿ ಆರಂಭವಾದ ಜನ ಸಂಸ್ಕೃತಿ ತಂಡ ಈ ವಿಧಾನವನ್ನು ಹಳ್ಳಿಗಳಲ್ಲಿ ವ್ಯಾಪಕವಾಗಿ ಬಳಸಿದೆ. ಬೌದ್ಧಿಕ ವಿಕಲತೆ ಉಳ್ಳವರೊಡನೆ ಕೆಲಸ ಮಾಡುವವರಿಗೆ ಇದರಲ್ಲಿ ಬಹಳ ಉಪಯೋಗಕ್ಕೆ ಬರುವುದು ‘ನಿಲ್ಲಿಸಿ’ ಎನ್ನುವ ಆ ಒಂದು ಅಧಿಕಾರ.

ಕನ್ನಡ ನಾಡಿನ ಪಾಠಗಳು

ಹಿರೇಕೆರೂರು ತಾಲ್ಲೂಕಿಗೆ ಹೊಂದಿಕೊಂಡಿರುವ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ‘ತಿರುಗಾಟ’ವೂ ಆರಂಭವಾದವು, 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವುಗಳಷ್ಟು ಪ್ರಚಾರ ಪಡೆಯದ ಕೆಲಸವೊಂದು ‘ಜನಸ್ಪಂದನ’. 1980ರ ದಶಕದಲ್ಲಿ ಈ ಯೋಜನೆಯಡಿ ನಾಡಿನ ನಾನಾ ಕಡೆ ರಂಗಶಿಬಿರಗಳು ನಡೆದವು. ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರೊಂದಿಗೆ ಚಿದಂಬರರಾವ್ ಜಂಬೆ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಮಾಡಿಸಿದರು. ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ ಅದಕ್ಕೆ ಆಧಾರ. ಶಾಲೆಯ ಮೆಟ್ಟಿಲು ಹತ್ತದವರಿಗೆ ಬರೆದ ಮಾತನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಅವರ ಮೈಯಲ್ಲಿರುವ ಕುಣಿತ, ಹಾಡು, ತಾಳಗಳಿಂದಲೇ ನಾಟಕ ಕಟ್ಟುವುದು ಫಲಕಾರಿ ಎಂಬುದು ಅಲ್ಲಿಯ ಪಾಠ.

ಎರಡನೆಯ ಪಾಠ ಬಂದದ್ದು ಸೆರೆಮನೆಯಿಂದ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಟ ಹುಲಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಲ್ಲಿ ಬಳ್ಳಾರಿಯ ಕಾರಾಗೃಹದ ಕೈದಿಗಳಿಗೆ ನಾಟಕ ಕಲಿಸಲು ಹೊರಟರು. ಮುಂದೆ ‘ಸಂಕಲ್ಪ’ದ ಮೂಲಕ ರಾಜ್ಯದ ಇತರ ಸೆರೆಮನೆಗಳಿಗೂ ಆ ಕೆಲಸ ಹಬ್ಬಿತು. ಗಿರೀಶ ಕಾರ್ನಾಡರ ‘ತಲೆದಂಡ’, ಮ್ಯಾಕ್‌ಬೆತ್ ಆಧರಿಸಿ ಎಚ್.ಎಸ್. ಶಿವಪ್ರಕಾಶರು ಬರೆದ ‘ಮಾರನಾಯಕ’ದಂಥ ತೂಕದ ನಾಟಕಗಳನ್ನು ಕೈದಿಗಳು ಗೋಡೆಯ ಹೊರಗಿನ ರಂಗಮಂದಿರಗಳಲ್ಲೂ ಆಡಿದರು. ಕೈದಿಗಳೆಂದು ಅವರಿಗೆ ಹಗುರ ನಾಟಕ ಕೊಡಲಿಲ್ಲ ಎಂಬುದು ಇಲ್ಲಿಯ ಮುಖ್ಯ ಸಂಗತಿ. ‘ಇವರಿಗೆ ಇಷ್ಟು ಸಾಕು’ ಎನ್ನುವ ಮಾತು ರಂಗಭೂಮಿಯಲ್ಲಿ ಬಲು ಅಪಾಯದ್ದು.

ಮೂರನೆಯ ಉದಾಹರಣೆ ಇನ್ನೂ ಹತ್ತಿರದ್ದು. ಹಾನಗಲ್ ತಾಲ್ಲೂಕಿನ ಶೇಷಗಿರಿ ಒಂದು ಸಣ್ಣ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳ ಊರಿನ ಉತ್ಸಾಹದಿಂದಲೇ ಹವ್ಯಾಸಿ ತಂಡವನ್ನು ಬೆಳೆಸಿ, ಸಿ.ಎಂ. ಉದಾಸಿ ಕಲಾಕ್ಷೇತ್ರವೆಂಬ ಸುಸಜ್ಜಿತ ರಂಗಮಂದಿರವನ್ನೂ ಪಡೆದಿದೆ. ಒಳ್ಳೆಯ ರಂಗಭೂಮಿಗೆ ಬೆಂಗಳೂರೇ ಬೇಕಿಲ್ಲ ಎನ್ನುವುದಕ್ಕೆ ಹಾವೇರಿ ಜಿಲ್ಲೆಯಲ್ಲಿ ಬೇರೆ ಸಾಕ್ಷಿ ಬೇಡ.

ರೋಗಿಯಲ್ಲ, ಕಲಾವಿದ

1980ರ ದಶಕದ ಕೊನೆಗೆ ಹೊರದೇಶಗಳಲ್ಲಿ ಒಂದು ಮಹತ್ವದ ತಿರುವು ಕಾಣಿಸಿತು. ನಾಟಕ ಇವರಿಗೆ ಔಷಧವೆಂಬ ಮಾತು ಹಿಂದೆ ಸರಿದು, ಇವರೇ ನಾಟಕಕ್ಕೆ ಏನನ್ನು ಕೊಡಬಲ್ಲರು ಎಂಬ ಪ್ರಶ್ನೆ ಎದ್ದಿತು. 1987ರಲ್ಲಿ ಆಸ್ಟ್ರೇಲಿಯಾದ ಜಿಲಾಂಗ್ ಪಟ್ಟಣದಲ್ಲಿ ‘ಬ್ಯಾಕ್ ಟು ಬ್ಯಾಕ್’, 1988ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ‘ಮೈಂಡ್ ದ ಗ್ಯಾಪ್’, 1993ರಲ್ಲಿ ಸ್ವಿಟ್ಸರ್ಲೆಂಡಿನ ಜೂರಿಚ್‌ನಲ್ಲಿ ‘ಹೋರಾ’ ತಂಡಗಳು ಹುಟ್ಟಿದವು. ಇವುಗಳ ನಟರು ಬೌದ್ಧಿಕ ವಿಕಲತೆ ಉಳ್ಳ ವಯಸ್ಕರು. ನಟನೆ ಅವರ ವೃತ್ತಿ.

ಬ್ಯಾಕ್ ಟು ಬ್ಯಾಕ್ ತಂಡದ ಒಂದು ನಾಟಕ ನಮ್ಮವರಿಗೆ ವಿಶೇಷ ಕುತೂಹಲ ಹುಟ್ಟಿಸುವಂಥದ್ದು. 2011ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲು ಪ್ರದರ್ಶನವಾದ ಅದರ ನಾಯಕ ಸಾಕ್ಷಾತ್ ಗಣಪತಿ. ಹಿಟ್ಲರ್ ಕಸಿದುಕೊಂಡ ಸ್ವಸ್ತಿಕವನ್ನು ಮರಳಿ ತರಲು ಆತ ನಾಜಿ ಜರ್ಮನಿಗೆ ಪ್ರಯಾಣ ಮಾಡುತ್ತಾನೆ. ದೇವರನ್ನು ಹೀಗೆ ರಂಗಕ್ಕೆ ತಂದದ್ದಕ್ಕೆ ಕೆಲವು ಹಿಂದೂ ಸಂಘಟನೆಗಳಿಂದ ಆಕ್ಷೇಪವೂ ಬಂದಿತ್ತು. ಆದರೆ ಆ ಆಯ್ಕೆಯ ಹಿಂದೆ ಭಾರವಾದ ಕಾರಣವಿತ್ತು. 1940-41ರಲ್ಲಿ ನಾಜಿಗಳು ‘ಬದುಕಲು ಯೋಗ್ಯರಲ್ಲ’ ಎಂದು ಮೊಹರು ಹಾಕಿ ಅನಿಲದ ಕೋಣೆಗಳಲ್ಲಿ ಕೊಂದ ವಿಕಲಚೇತನರು ಮತ್ತು ಮನೋರೋಗಿಗಳ ಸಂಖ್ಯೆ 70 ಸಾವಿರಕ್ಕೂ ಹೆಚ್ಚು. ಆ ಕಾಲದಲ್ಲಿ ಹುಟ್ಟಿದ್ದರೆ ತಮಗೂ ಅದೇ ಗತಿಯಾಗುತ್ತಿತ್ತು ಎಂದು ಬಲ್ಲ ನಟರು, ಉಳಿದವರಿಗಿಂತ ಬೇರೆಯಾದ ದೇಹವುಳ್ಳ ದೇವರನ್ನು ಆ ನಾಡಿಗೆ ಕಳಿಸಿದರು. ಇದೇ ನಾಟಕದಲ್ಲಿ ತಾಲೀಮಿನ ದೃಶ್ಯಗಳೂ ಇದ್ದವು. ನಿರ್ದೇಶಕ ನಟರ ಮೇಲೆ ದರ್ಪ ತೋರುವುದು, ನಟರು ಎದುರಾಡುವುದು ಎಲ್ಲವೂ ಬಯಲಾಗುತ್ತಿದ್ದವು. ಈ ತಂಡಕ್ಕೆ 2022ರಲ್ಲಿ ಅಂತರರಾಷ್ಟ್ರೀಯ ಇಬ್ಸೆನ್ ಪ್ರಶಸ್ತಿಯೂ 2024ರಲ್ಲಿ ವೆನಿಸ್ ಬಿನಾಲೆಯ ಜೀವಮಾನ ಸಾಧನೆಯ ಸ್ವರ್ಣ ಸಿಂಹವೂ ಸಂದವು. ಎರಡೂ ಕರುಣೆಯಿಂದ ಕೊಡುವ ಬಹುಮಾನಗಳಲ್ಲ.

ಹೋರಾ ತಂಡದ ಅನುಭವ ಬೇರೊಂದು ವಾದಕ್ಕೆ ಕಾರಣವಾಯಿತು. 2012ರಲ್ಲಿ ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ ಅವರೊಡನೆ ಒಂದು ಪ್ರಯೋಗ ಮಾಡಿದ. ನಟರು ಒಬ್ಬೊಬ್ಬರಾಗಿ ಬಂದು ಪ್ರೇಕ್ಷಕರ ಮುಂದೆ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಹೆಸರು, ವಯಸ್ಸು, ಉದ್ಯೋಗ ಹೇಳಬೇಕು. ತಮ್ಮ ವಿಕಲತೆ ಯಾವುದೆಂದು ಹೇಳಬೇಕು. ತಾವೇ ಆರಿಸಿದ ಹಾಡಿಗೆ ಕುಣಿಯಬೇಕು. ಕೊನೆಗೆ ಈ ಆಟದ ಬಗ್ಗೆ ತಮ್ಮ ಅಭಿಪ್ರಾಯ ಹೇಳಬೇಕು. ಇದು ಪ್ರಾಮಾಣಿಕ ಅಭಿವ್ಯಕ್ತಿ ಎಂದವರು ಹಲವರು. ಹಳೆಯ ಜಾತ್ರೆಗಳಲ್ಲಿ ವಿಚಿತ್ರ ದೇಹಗಳನ್ನು ತೋರಿಸಿ ಕಾಸು ಕೇಳುತ್ತಿದ್ದ ಡೇರೆಯಿಂದ ಇದು ಎಷ್ಟು ದೂರ ಎಂದು ಕೇಳಿದವರೂ ಇದ್ದರು. ಅದರ ನಟಿಯೊಬ್ಬರಿಗೆ 2013ರಲ್ಲಿ ಬರ್ಲಿನ್ನಿನ ನಾಟಕೋತ್ಸವದಲ್ಲಿ ಯುವ ನಟರಿಗೆ ಕೊಡುವ ಆಲ್‌ಫ್ರೆಡ್ ಕೆರ್ ಪ್ರಶಸ್ತಿ ಬಂದಾಗ ವಾದದ ಒಂದು ಪಾಲು ಶಮನವಾಯಿತು. ಇನ್ನೊಂದು ಪಾಲು ಇಂದಿಗೂ ಜೀವಂತವಾಗಿದೆ. ಯಾರ ಮಾತನ್ನು ಯಾರು ಆರಿಸುತ್ತಾರೆ, ಯಾರಿಗಾಗಿ ತೋರಿಸುತ್ತಾರೆ ಎಂಬುದನ್ನು ಇಂಥ ಪ್ರತಿ ಪ್ರಯೋಗದಲ್ಲೂ ಕೇಳಬೇಕಾಗುತ್ತದೆ.

ಪೆರುವಿನ ಲಿಮಾ ನಗರದ ‘ಲಾ ಪ್ಲಾಜಾ’ ರಂಗಮಂದಿರದ್ದು ಈ ಸಾಲಿನ ಇನ್ನೊಂದು ಕಥೆ. ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ, ಡೌನ್ ಸಿಂಡ್ರೋಮ್ ಇದ್ದ ತರುಣನೊಬ್ಬ ತಾನು ನಟನಾಗಬೇಕೆಂದು ನಿರ್ದೇಶಕಿ ಚೇಲಾ ದೆ ಫೆರಾರಿಗೆ ಹೇಳಿದ. ಅದರ ಫಲವಾಗಿ 2019ರಲ್ಲಿ ಡೌನ್ ಸಿಂಡ್ರೋಮ್ ಇರುವ ಎಂಟು ನಟರ ‘ಹ್ಯಾಮ್ಲೆಟ್’ ರಂಗಕ್ಕೆ ಬಂತು. ಇರುವುದೋ ಇಲ್ಲದಿರುವುದೋ ಎಂಬ ಹ್ಯಾಮ್ಲೆಟ್ಟನ ಪ್ರಶ್ನೆಯನ್ನು, ತಮ್ಮ ಇರವನ್ನೇ ಜಗತ್ತು ಪ್ರಶ್ನಿಸುತ್ತಿರುವ ಜನ ಕೇಳಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ.

ತಾಲೀಮಿನ ಕ್ರಮ

ಇಂಥ ತಾಲೀಮು ನಡೆಯುವ ಬಗೆ ಹೇಗೆ? ಎಲ್ಲರೂ ದುಂಡಗೆ ನಿಲ್ಲುತ್ತಾರೆ. ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ ಒಂದು ಅಭಿನಯ ಮಾಡುತ್ತಾರೆ. ಮಾತು ಬಾರದವರು ಅಭಿನಯವನ್ನಷ್ಟೇ ಮಾಡುತ್ತಾರೆ. ಉಳಿದವರು ಅದನ್ನೇ ಹಾಗೆಯೇ ತಿರುಗಿ ಮಾಡಬೇಕು. ತನ್ನ ಕೈ ಎತ್ತಿದ ರೀತಿಯನ್ನು ಹತ್ತು ಜನ ಗಮನವಿಟ್ಟು ನೋಡಿ ಅನುಸರಿಸಿದ್ದನ್ನು ಕಂಡವನ ಮುಖದಲ್ಲಿ ಆಗುವ ಬದಲಾವಣೆಯೇ ಮೊದಲ ಗಳಿಕೆ. ಆಮೇಲೆ ಒಂದು ಕೋಲು ಕೈಯಿಂದ ಕೈಗೆ ಹೋಗುತ್ತದೆ: ಒಬ್ಬರಿಗೆ ಅದು ಕೊಳಲು, ಇನ್ನೊಬ್ಬರಿಗೆ ಬಾರುಕೋಲು, ಮತ್ತೊಬ್ಬರಿಗೆ ಸೌಟು. ಇಲ್ಲಿ ತಪ್ಪು ಉತ್ತರವೆಂಬುದಿಲ್ಲ. ಬಳಿಕ ಮನೆ, ಸಂತೆ, ಬಸ್ ನಿಲ್ದಾಣಗಳ ಸಣ್ಣ ದೃಶ್ಯಗಳು. ಬರೆದ ಮಾತುಗಳ ಬದಲು ಚಿತ್ರಗಳ ಸಾಲು, ದಿನವೂ ಒಂದೇ ರೀತಿಯ ಆರಂಭ, ಒಂದೇ ರೀತಿಯ ಮುಕ್ತಾಯ, ಬೇಕಾದಷ್ಟು ಪುನರಾವರ್ತನೆ. ಉತ್ತರಕ್ಕಾಗಿ ಕಾಯುವುದು ಇಲ್ಲಿ ಕಲಿಸುವವರು ಕಲಿಯಬೇಕಾದ ಮೊದಲ ವಿದ್ಯೆ. ನಾವು ಸಾಮಾನ್ಯವಾಗಿ ಎರಡು ಗಳಿಗೆ ಕಾದು, ಮೂರನೆಯ ಗಳಿಗೆಗೆ ಅವರ ಪರವಾಗಿ ನಾವೇ ಉತ್ತರಿಸಿಬಿಡುತ್ತೇವೆ.

ಎಚ್ಚರಿಕೆಗಳೂ ಇವೆ. ನಲವತ್ತರ ಹರೆಯದವರಿಗೆ ಮೊಲ ಆಮೆಗಳ ಕಥೆಯನ್ನೇ ಆಡಿಸುವುದು ಅವರನ್ನು ಮತ್ತೆ ತೊಟ್ಟಿಲಿಗೆ ಹಾಕಿದಂತೆ. ಪ್ರೀತಿ, ದುಡ್ಡು, ಸಾವು, ಸಿಟ್ಟು ಇವು ಅವರ ಬದುಕಿನಲ್ಲೂ ಇವೆ. ರಂಗಕ್ಕೆ ಬರುವುದೂ ಬಾರದಿರುವುದೂ ಅವರ ಇಚ್ಛೆ. ವಾರ್ಷಿಕೋತ್ಸವದ ಅತಿಥಿಗಳ ಕಣ್ಣೀರಿಗಾಗಿ ಒತ್ತಾಯದಿಂದ ಬಣ್ಣ ಹಚ್ಚಿಸುವುದಾದರೆ ಹಳೆಯ ನಗೆಗೂ ಈ ಹೊಸ ಕರುಣೆಗೂ ಹೆಚ್ಚಿನ ಅಂತರವಿಲ್ಲ. ನಾಟಕದಿಂದ ಬುದ್ಧಿಮಾಂದ್ಯ ವಾಸಿಯಾಗುತ್ತದೆಂದು ಹೇಳುವುದೂ ಸುಳ್ಳು. ಅದು ರೋಗವಲ್ಲ, ವಾಸಿಯಾಗುವ ಮಾತೂ ಇಲ್ಲ.

‘ಬ್ಯಾಡ’ ಎನ್ನುವ ಹಕ್ಕು

ಹಾಗಾದರೆ ಇದರಿಂದ ಪ್ರಯೋಜನವೇನು ಎಂದು ಕೇಳಬಹುದು. ಅದನ್ನು ರಂಗದ ಹೊರಗೆ ಹುಡುಕಬೇಕು. ಮಗ ಅಥವಾ ಮಗಳಿಗೆ 18 ತುಂಬಿತೆಂದರೆ ಕಾನೂನಿನ ಕಣ್ಣಲ್ಲಿ ಆಕೆ ಸ್ವತಂತ್ರ ವಯಸ್ಕಳು. ಪೋಷಕತ್ವ ಬೇಕೆನ್ನುವ ತಂದೆತಾಯಿ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. 2016ರ ಕಾಯಿದೆ ಇನ್ನೂ ಮುಂದೆ ಹೋಗಿ, ಪೋಷಕರು ಇವರ ಪರವಾಗಿ ಅಲ್ಲ, ಇವರೊಡನೆ ಕೂಡಿ ತೀರ್ಮಾನಿಸಬೇಕೆಂಬ ‘ಸೀಮಿತ ಪೋಷಕತ್ವ’ದ ಮಾತನ್ನಾಡುತ್ತದೆ. ಆದರೆ ಹೊಲ ಪಾಲಾಗುವಾಗ, ಮದುವೆ ಗೊತ್ತು ಮಾಡುವಾಗ, ತಂದೆತಾಯಿ ತೀರಿದ ಮೇಲೆ ಯಾರ ಮನೆಯಲ್ಲಿರಬೇಕೆಂದು ತೀರ್ಮಾನಿಸುವಾಗ ಇವರ ಮನಸ್ಸನ್ನು ಕೇಳಿದವರು ಎಷ್ಟು ಮಂದಿ? ಹುಟ್ಟಿದಾಗಿನಿಂದ ಯಾರೂ ಕೇಳದಿದ್ದ ಪ್ರಶ್ನೆಯನ್ನು ಸಮಿತಿಯ ಮುಂದೆ ಒಮ್ಮೆಲೇ ಕೇಳಿದರೆ ಉತ್ತರ ಬಾರದು. ಉತ್ತರಿಸುವ ರೂಢಿಯನ್ನು ಮೊದಲು ಎಲ್ಲಾದರೂ ಬೆಳೆಸಿಕೊಂಡಿರಬೇಕು.

ಇದು ಎಷ್ಟು ಗಂಭೀರವಾದ ಸಂಗತಿ ಎನ್ನುವುದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸ್ಪಷ್ಟವಾಯಿತು. ಚಂಡೀಗಡದ ಸರಕಾರಿ ಆಶ್ರಯಧಾಮದಲ್ಲಿದ್ದ, ಅಲ್ಪ ಪ್ರಮಾಣದ ಬುದ್ಧಿಮಾಂದ್ಯವಿದ್ದ ಅನಾಥ ಯುವತಿಯೊಬ್ಬಳು ಅತ್ಯಾಚಾರಕ್ಕೆ ಗುರಿಯಾಗಿ ಗರ್ಭಿಣಿಯಾಗಿದ್ದಳು. ಗರ್ಭ ತೆಗೆಸಲು ಹೈಕೋರ್ಟು ಆದೇಶಿಸಿತ್ತು. ಆದರೆ ಮಗು ಬೇಕೆಂದು ಆಕೆ ತಜ್ಞರ ಮುಂದೆ ಹೇಳಿದ್ದಳು. ಬುದ್ಧಿಮಾಂದ್ಯವೇ ಬೇರೆ, ಮಾನಸಿಕ ರೋಗವೇ ಬೇರೆ. ವಯಸ್ಕಳಾದ ಆಕೆಯ ಒಪ್ಪಿಗೆಯಿಲ್ಲದೆ ಗರ್ಭ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಡೆಯಿತು. ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪು ಆಕೆಯ ಒಂದು ‘ಬೇಕು’ ಎಂಬ ಮಾತಿನ ಮೇಲೆ ನಿಂತಿತ್ತು. ದೌರ್ಜನ್ಯದ ಪ್ರಕರಣಗಳಲ್ಲೂ ಹಾಗೆಯೇ. 2013ರ ತಿದ್ದುಪಡಿಯ ತರುವಾಯ, ಲೈಂಗಿಕ ಅಪರಾಧಕ್ಕೆ ಗುರಿಯಾದ ವಿಕಲಚೇತನರ ಹೇಳಿಕೆಯನ್ನು ವಿಶೇಷ ಶಿಕ್ಷಕರ ಇಲ್ಲವೆ ದುಭಾಷಿಯ ನೆರವಿನಿಂದ ದಾಖಲಿಸಿ ಚಿತ್ರೀಕರಿಸಬೇಕು. ಯಾರು ಮುಟ್ಟಿದರು, ಎಲ್ಲಿ, ಆಮೇಲೆ ಏನಾಯಿತು ಎಂಬುದನ್ನು ಕ್ರಮವಾಗಿ ಆಡಿಯೋ ಅಭಿನಯಿಸಿಯೋ ತೋರಿಸಬಲ್ಲವರಿಗೆ ನ್ಯಾಯದ ಬಾಗಿಲು ಸ್ವಲ್ಪವಾದರೂ ತೆರೆಯುತ್ತದೆ. ನಾಟಕ ಕಲಿಸುವುದೂ ಇದನ್ನೇ: ಮೊದಲು ಯಾವುದು, ನಂತರ ಯಾವುದು, ಎದುರಿಗೆ ಯಾರಿದ್ದರು, ನನಗೆ ಏನನ್ನಿಸಿತು.

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ, ವಿಕಲಚೇತನರು ತಮ್ಮ ಸೃಜನಶೀಲತೆಯನ್ನು ಬೆಳೆಸಿಕೊಳ್ಳುವುದು ತಮ್ಮ ಹಿತಕ್ಕಷ್ಟೇ ಅಲ್ಲ, ಸಮಾಜದ ಸಮೃದ್ಧಿಗೂ ಅಗತ್ಯ ಎನ್ನುತ್ತದೆ. 2016ರ ಕಾಯಿದೆಯ 29ನೆಯ ಕಲಮು ವಿಕಲಚೇತನ ಕಲಾವಿದರಿಗೆ ಸವಲತ್ತು, ಪ್ರೋತ್ಸಾಹ ನೀಡಬೇಕೆಂದು ಸರಕಾರಗಳಿಗೆ ಹೇಳುತ್ತದೆ. ಇವೆಲ್ಲ ದಿಲ್ಲಿಯಿಂದ ಇಳಿದು ಹಳ್ಳಿಗೆ ಬರಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಚಿಕ್ಕೇರೂರಿನಂಥ ಊರುಗಳು ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಹಂತದಲ್ಲಿ ವಿಕಲಚೇತನರಿಗಾಗಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ಗೊತ್ತು. ಪೇಟಿ ಮಾಸ್ತರರಿದ್ದಾರೆ, ತಾಲೀಮಿಗೆ ಗುಡಿಯ ಪೌಳಿಯಿದೆ, ಗೆಳೆಯರ ಬಳಗಗಳಿವೆ. ಮುಂದಿನ ಜಾತ್ರೆಯ ನಾಟಕಕ್ಕೆ ಪಾರ್ಟು ಹಂಚುವ ದಿನ, ಪರದೆ ಎಳೆಯುವವನ ಕಡೆಗೂ ತಿರುಗಿ ‘ನಿನಗ ಯಾವ ಪಾರ್ಟು ಬೇಕಪಾ?’ ಎಂದು ಕೇಳಲು ಸರಕಾರದ ಆದೇಶ ಬೇಕಿಲ್ಲ. ಕೇಳಿದ ಮೇಲೆ, ಆತ ಉತ್ತರ ಹೇಳುವವರೆಗೆ ಕಾಯುವ ತಾಳ್ಮೆ ಮಾತ್ರ ಬೇಕು.